ಎರಡನೇ ಚಿಪ್ಪಿನ ಬೆಳಕು

ಫೆಬ್ರುವರಿ 3, ಘಾಟಬೋರಾಳ
ಅವ್ವ ರೊಟ್ಟಿ ಬಡಿಯಾಕತ್ತಾಳ. ಐತವಾರ ಬಸವಕಲ್ಯಾಣದಾಗ ನನ್ನ ಸಂಶೋಧನೆಗಂತ ನನಗ ಸತ್ಕಾರ. ಅಪ್ಪ ಹುಮನಾಬಾದಿಗೆ ಹೋಗಿ ಫ್ಲೆಕ್ಸ್ ಮಾಡಿಸ್ಕೊಂಡು ಬಂದ. ಹೆಸರಿನ ಮುಂದ ‘ಡಾ.’!
“ಅಪ್ಪಾ, ಪಿಎಚ್‌ಡಿ ಇನ್ನಾ ಸಿಕ್ಕಿಲ್ಲ.”
“ಮುಂದಿನ ತಿಂಗಳ ಸಿಗ್ತದಲ್ಲ ರತ್ನಾ? ಮತ್ತೊಂದು ಫ್ಲೆಕ್ಸ್ ಯಾಕ?”
ಕೂಲಿ ಮಾಡಿ ಓದಿಸಿದಂವ. ಏನಂತ ಬೈಲಿ. ನಕ್ಕೆ.

ಫೆಬ್ರುವರಿ 4
ಸತ್ಕಾರಕ್ಕ ಬಂದ ಮಂದಿಗೆ ಏನು ಹೇಳ್ಲಿ? ಹಿಂಗ — ಎರಡು ಬ್ಯಾರೆ ಬ್ಯಾರೆ ಚಿಪ್. ಒಂದೊಂದರಿಂದ ಒಂದೊಂದೇ ಫೋಟಾನ್, ಬೆಳಕಿನ ಕಾಳು. ಎರಡೂ ಒಮ್ಮೆಲೆ, ಅರ್ಧ ಬೆಳಕು ಬಿಟ್ಟು ಅರ್ಧ ತಿರುಗಿಸೋ ಅರ್ಧಗನ್ನಡಿಗೆ ಬಂದಾಗ, ಥೇಟ್ ಒಂದೇ ನಮೂನಿ ಇದ್ರ, ಕೂಡೇ ಒಂದೇ ಕಡಿ ಹೋಗ್ತಾವ. ಬ್ಯಾರೆ ಚಿಪ್ಪಿನವು ಹಂಗ ಹೊಂದೋದು ಭಾಳ ಕಠಿಣ. ಹೊಂದ್ಯಾವ ಅಂತ ಜರ್ನಲ್‌ದಾಗ ಬಂದ ನಮ್ಮ ಪೇಪರ್. ಅದ್ರ ಮ್ಯಾಲೇ ನನ್ನ ಥೀಸಿಸ್.
ತೋರ್ಸಾಕ ಗ್ರಾಫ್ ಹುಡುಕಿದೆ. ಆಚಿ ವರ್ಷದ ದೀಪಾವಳಿ ಮರುದಿನದ್ದು ಎಲ್ಲಾಕಿಂತ ಚಲೋ. ಆದ್ರ ಅವತ್ತು ಎರಡನೇ ಚಿಪ್ಪಿನ ಕೂಲರ್ ಕೆಟ್ಟು ಬಂದ್ ಇತ್ತು… ಮೆಕ್ಯಾನಿಕ್‌ನ ಕರಸ್ದಾಕಿ ನಾನೇ. ಥಂಡಿ ಇಲ್ದ ಆ ಚಿಪ್ ಬೆಳಗೋದಿಲ್ಲ. ಮತ್ತ ಬೆಳಕು ಎಲ್ಲಿದು?

ಅದೇ ದಿನ, ಸಂಜಿ
ಲ್ಯಾಬಿನ ಜೋಡಿದಾರ ಶಿವರಾಜಗ ಹೈದರಾಬಾದಿಗೆ ಫೋನ್ ಹಚ್ಚಿದೆ. ಕೂಲರ್ ಬಂದ್ ಇದ್ದ ದಿನದ ಗ್ರಾಫ್ ಎಲ್ಲಿದು ಅಂತ ಕೇಳಿದೆ. ಅಂವ ಹಳೇ ನೋಟ್‌ಬುಕ್ ತಗದು ನೋಡಿ ಅಂದ —
“ಅಕ್ಕಾ, ಟೆಸ್ಟಿಂಗ್‌ಗಂತ ಮೊದಲನೇ ಚಿಪ್ಪಿನ ಬೆಳಕೇ ಎರಡೂ ಕೇಬಲಿಗೆ ಕೊಟ್ಟಿದ್ದೆ. ವಾಪಸ್ ಬದಲಿ ಮಾಡೋದು… ಮರ್ತೇನ್ರಿ.”
ಹಾಳಾಗಿ ಹೋಗ! ಒಂದೇ ಚಿಪ್ಪಿನವು ಹೊಂದ್ಲಾರ್ದ ಏನ್ ಮಾಡ್ತಾವ? ಪೇಪರಿನ್ಯಾಗಿನ ಅಳತಿ ಎಲ್ಲಾ ಆಮ್ಯಾಲಿನವೇ, ಎಲ್ಲಾ ಸುಳ್ಳು.

ಫೆಬ್ರುವರಿ 7
ಗೈಡ್ ಸರ್ ಮೂರು ದಿನದ ಮ್ಯಾಲೆ ಇವತ್ತು ಫೋನ್ ಎತ್ತಿದ್ರು. ಎಲ್ಲಾ ಹೇಳಿದೆ. “ಸುಮ್ಮನಿರು. ಯಾರಿಗೂ ಗೊತ್ತಾಗಲ್ಲ. ಫೆಲೋಶಿಪ್ ಹಣ ಮುಗಿದಿದೆ, ಮತ್ತೆ ಪ್ರಯೋಗ ಮಾಡೋಕಾಗಲ್ಲ. ಪೇಪರ್ ವಾಪಸ್ ತಗೊಂಡ್ರೆ ನಿನ್ನ ಪಿಎಚ್‌ಡಿ ಮರ್ತುಬಿಡು.”
ಸಿಟ್ಟು. ಅಂಜಿಕಿ. ಸುಮ್ಮನಿದ್ರ ಡಾಕ್ಟರ್. ಇಷ್ಟೇ.
ಆದ್ರ ಎಲ್ಲ್ಯೋ ಒಬ್ಬಾಕಿ ನಮ್ಮ ಪೇಪರ್ ನಂಬಿ ಎರಡು ಚಿಪ್ ಹೊಂದಿಸ್ಕೋತ ಕುಂತಿರ್ತಾಳ. ವರ್ಷಗಟ್ಟಲೆ. ತನ್ನದೇ ತಪ್ಪು ಅಂದ್ಕೊಂಡು.

ಫೆಬ್ರುವರಿ 8, ಐತವಾರ ಮುಂಜಾನೆ
ಜರ್ನಲಿಗೆ ಮೇಲ್ ಹಾಕಿದೆ. ಪೇಪರ್ ವಾಪಸ್ ಅಂತ.
ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಜೀಪಿನ ಹಾದಿ ನೋಡಾಕತ್ತಾನ. ಕಂಕಳಾಗ ಫ್ಲೆಕ್ಸ್.
“ಅಪ್ಪಾ, ಆ ‘ಡಾ.’ ಮ್ಯಾಲ ಒಂದು ಕಾಗದ ಹಚ್ಚು.”
“ಯಾಕವ್ವಾ, ಮಂದಿ ಕಣ್ಣು ಬಿದ್ದು ನೆದರ ಆಗ್ತದಂತೇನು?” ನಕ್ಕ. ಅವ್ವಗ ಕೂಗಿದ — “ಮೀರಾ, ಮಗಳಿಗೆ ನೆದರ ತಗಿ!”
ಅವ್ವ ಉಪ್ಪು, ಮೆಣಸಿನಕಾಯಿ ತರಾಕ ಒಳಗ ಹೋಗ್ಯಾಳ. ಅಕಿ ಬರೋದ್ರಾಗ ಹೇಳಬೇಕು. ಅಪ್ಪಾ, ನೆದರ ಅಲ್ಲ, ನಾ ಇನ್ನ ‘ಡಾ.’ ಆಗೋದಿಲ್ಲ.