ಸುಮಿ ನನ್ನನ್ನು ಹೊರಗೆ ನಿಲ್ಲಿಸಿದ್ದು

ಶಹಾಪುರ
12 ನವೆಂಬರ್ 2024

ಪ್ರೀತಿಯ ಅಕ್ಕಾ,

ಸುಮಿಗೆ ನನ್ನ ಮೇಲೆ ಪ್ರೀತಿ ಇದೆ, ನಿಜವಾಗಿಯೂ ಇದೆ, ಅವಳ ಹಲ್ಲು ಕೀಳಿಸಲು ಹೋದಾಗ ಗೊತ್ತಾಯಿತು! ಇದನ್ನು ಮೊದಲು ಹೇಳದಿದ್ದರೆ ಕೈ ಮುಂದೆ ಓಡುತ್ತಿರಲಿಲ್ಲ. ಈಗ ಜೈಭೀಮ್. ನೀನು, ಭಾವ, ಪುಟ್ಟು ಎಲ್ಲರೂ ಚೆನ್ನಾಗಿದ್ದೀರಾ? ಮದುವೆಯಾಗಿ ಬಂದ ಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ, ನಾನು ಫೋನ್ ಹಿಡಿದ ಕೂಡಲೇ ಅತ್ತೆ ಟಿವಿಯ ಸದ್ದು ಸಣ್ಣದು ಮಾಡುತ್ತಾರೆ.

ನಾನು ತುಂಬ ಖುಷಿಯಾಗಿದ್ದೇನೆ, ಅಕ್ಕಾ. ಇವರು ಬೆಳಿಗ್ಗೆ ನನಗೆ ಚಹಾ ಮಾಡಿಕೊಡುತ್ತಿದ್ದರು! ಹೈಸ್ಕೂಲ್ ಮಾಸ್ತರರು ಹೆಂಡತಿಗೆ ಕಪ್ಪು ಬಸಿ ತಂದುಕೊಡುವುದನ್ನು ಮೊದಲ ದಿನ ನೋಡಿ ಅತ್ತೆ, “ಬಿಸ್ಕೀಟು ಅದ್ದಿ ತಿನಸಪಾ ಸುನೀಲ, ಆಕಿಗಿನ್ನಾ ಹಲ್ಲು ಬಂದಿಲ್ಲ” ಎಂದಿದ್ದರು.

ಹಲ್ಲಿನ ಸಂಗತಿಗೆ ಬರುತ್ತೇನೆ. ಸುಮಿಯ ತಾಯಿ, ಇವರ ಮೊದಲ ಹೆಂಡತಿ ಗೌತಮಿ ಎರಡು ವರ್ಷದ ಹಿಂದೆ ನಿಮ್ಮ ಸೋಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನಿನಗೆ ಗೊತ್ತು. ಸುಮಿಗೆ ಗೊತ್ತಿರಲಿಲ್ಲ. ಮದುವೆಗೆ ಮೊದಲೇ ಇವರು ನನಗೆ ಹೇಳಿದ್ದರು: “ಅವ್ವ ಇನ್ನಾ ದವಾಖಾನ್ಯಾಗ ಅದಾಳಂತ ಹೇಳೇವಿ. ದೊಡ್ಡಾಕಿ ಆಗಲಿ, ನಾನs ಹೇಳ್ತೀನಿ.” ಆಗಲಿ ಎಂದಿದ್ದೆ. ಅದು ಇವರ ಮಾತು, ಇವರ ಮಗು.

ಕಳೆದ ವಾರ ಸುಮಿಯ ಕೆನ್ನೆ ಬಾತಿತು. ಇವರಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ನಾನೇ ಯಾದಗಿರಿಗೆ ಕರೆದುಕೊಂಡು ಹೋದೆ. ಬಸ್ಸಿನ ತುಂಬ ನನ್ನ ತೊಡೆಯ ಮೇಲೆ ಕುಳಿತವಳು, ಹಲ್ಲಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ಎರಡೂ ಕೈಯಿಂದ ನನ್ನ ಹೊಟ್ಟೆಯನ್ನು ತಳ್ಳಿದಳು. “ಆಂಟಿ, ನೀ ಒಳಗ ಬರಬ್ಯಾಡ. ಹೊರಗs ನಿಂದ್ರು.” ಎಲ್ಲರೂ ನೋಡಿದರು. ದವಡೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ ಚಾಂದಬೀ ಎನ್ನುವ ಮುದುಕಿಯೊಬ್ಬಳು, “ಹೊಸಾ ಅಮ್ಮೀನೇನು? ಮನಸಿಗಿ ಹಚ್ಕೋಬ್ಯಾಡ ಬೇಟಾ, ನಮ್ಮ ಮನ್ಯಾಗ ಹೆತ್ತವ್ರು ಬಂದ್ರನೂ ತಳ್ಳತಾವ” ಎಂದಳು. ನಾನು ನಕ್ಕೆ. ಪರದೆಯ ಪಕ್ಕದಲ್ಲಿ ನಿಂತೆ.

ಸುಮಿ ಒಬ್ಬಳೇ ಆ ದೊಡ್ಡ ಕುರ್ಚಿ ಹತ್ತಿದಳು. ಡಾಕ್ಟರ್ ಅಲ್ಮಾಸ ನನ್ನ ವಯಸ್ಸಿನವಳೇ. “ಅರೆ, ಎಂಥಾ ಧೈರ್ಯದ ಹುಡುಗಿ! ಅಮ್ಮೀನ್ನ ಯಾಕ ಹೊರಗ ಹಾಕ್ದಿ?” ಎಂದು ಕೇಳಿದಳು.

“ಒಳಗ ಬಂದ್ರ ಆಕಿನ್ನೂ ಇಟ್ಕೋತೀರಿ. ನಮ್ಮವ್ವನ್ನ ಇಟ್ಕೊಂಡೀರಲ್ಲ.”

ಅಕ್ಕಾ, ಇದೇ ನನ್ನ ಒಳ್ಳೆಯ ಸುದ್ದಿ. ಅವಳು ನನ್ನನ್ನು ಬೇಡವೆಂದು ತಳ್ಳಿರಲಿಲ್ಲ, ಕಾಪಾಡಿದ್ದಳು! ಕುಣಿಯಬೇಕಾಗಿತ್ತು ನಾನು. ಪರದೆ ಹಿಡಿದು ಸುಮ್ಮನೆ ನಿಂತಿದ್ದೆ.

ಹಲ್ಲು ಕಿತ್ತು ಬಂತು. “ತುಟಿಗಿ ಜೋಮು ಹಿಡಿದಿರ್ತದ, ಕಚ್ಗೊಳ್ಳದಂಗ ನೋಡ್ಕೊಳ್ರಿ” ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಸುಮಿ ತುಟಿ ಮುಟ್ಟಿ ನೋಡಿಕೊಂಡಳು.

“ಆಂಟಿ, ನನ್ನ ತುಟಿ ಎಲ್ಲಿ ಹೋತು?”

“ಅಲ್ಲೇ ಅದ. ಚುಚ್ಚಿದ್ದು ಇಳಿದ ಮ್ಯಾಲೆ ಗೊತ್ತಾಗ್ತದ.”

“ಅವ್ವಗ ಚುಚ್ಚಿದ್ದು ಇನ್ನಾ ಇಳಿದಿಲ್ಲೇನು?”

ನಾವು ಸಣ್ಣವರಿದ್ದಾಗಿನಿಂದ ಪ್ರತಿ ಭಾನುವಾರ ಬುದ್ಧವಂದನೆಯಲ್ಲಿ ನಾಲ್ಕನೆಯ ಶೀಲ ಹೇಳುತ್ತ ಬಂದಿದ್ದೇವೆ, ಸುಳ್ಳಾಡುವುದಿಲ್ಲ ಎಂದು. ಕಾನ್ವೆಂಟಿನಲ್ಲಿ ರೈಮ್ಸ್ ಹೇಳಿದ ಹಾಗೆಯೇ ನಾನು ಅದನ್ನೂ ಹೇಳಿದ್ದು. ನನ್ನ ಹೆಸರಿನಲ್ಲೇ ಐದೂ ಶೀಲಗಳಿವೆ ಎಂದು ಜಂಬ ಬೇರೆ. ಆ ಮಗು ಮುಖ ಎತ್ತಿ ಕೇಳಿದಾಗ ಇವರಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ಹೇಳಿದೆ. “ಇಲ್ಲ ಸುಮಿ. ನಿಮ್ಮವ್ವ ತೀರಿಕೊಂಡಾಳ. ಆಕಿ ಬರಂಗಿಲ್ಲ.”

ಅವಳು ಅಳಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಹತ್ತಿ ಬಿಡಿಸುವವರು, ಒಂದು ಟ್ರ್ಯಾಕ್ಟರ್, ಮತ್ತೆ ಹತ್ತಿ. ಶಹಾಪುರ ಹತ್ತಿರವಾಗಿ ಮಲಗಿದ ಬುದ್ಧನ ಆಕಾರದ ನಮ್ಮ ಗುಡ್ಡ ಕಂಡಿತು.

“ಬುದ್ಧನೂ ಸತ್ತಾನೇನು?”

“ಹೌದು.”

“ನಿದ್ದಿ ಹತ್ತ್ಯಾದ ಅಂದಿದ್ರಿ.”

ಅವಳ ಫ್ರಾಕಿನ ಮೇಲೆ ರಕ್ತ ಬಿದ್ದ ಮೇಲೆಯೇ ನಾನು ನೋಡಿದ್ದು. ತುಟಿಯನ್ನು ಆಳವಾಗಿ ಕಚ್ಚಿಕೊಂಡಿದ್ದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಕರ್ಚೀಫು ಒತ್ತಿ ಹಿಡಿದು ಕುಳಿತೆ. ನನಗೂ ಏನೂ ಆಗಲಿಲ್ಲ, ಅಕ್ಕಾ. ಅಳು ಬರುತ್ತದೆಂದು ಕಾಯ್ದೆ, ಬರಲಿಲ್ಲ.

ಮನೆಯಲ್ಲಿ ಸುಮಿಯೇ ಅಜ್ಜಿಗೆ ಹೇಳಿದಳು. ಅತ್ತೆ ನನ್ನ ಕಡೆ ತಿರುಗಿ, “ಹಲ್ಲು ಕೀಳಸಾಕ ಕಳಿಸಿದ್ರ ಕೂಸಿನ ಜೀವಾ ಕಿತ್ತು ತಂದಿಯಲ್ಲವಾ!” ಎಂದರು. ಮರುದಿನ ಬೆಳಿಗ್ಗೆ ಇವರು ಚಹಾ ತರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಭಾನುವಾರ ಎಂದಿನಂತೆ ಬುದ್ಧನ ಫೋಟೋದ ಮುಂದೆ ಕುಳಿತೆವು. ಶೀಲ ಹೇಳಿಕೊಡುವವಳು ಸುಮಿಯೇ, ಅವಳ ಹಿಂದೆ ನಾವು. ಮೂರು ಹೇಳಿದಳು. ನಾಲ್ಕನೆಯದಕ್ಕೆ ನಿಂತು ಅಪ್ಪನ ಮುಖ ನೋಡಿದಳು. ಅತ್ತೆ, “ಮರತ್ಯೇನs?” ಎಂದರು.

“ಮರತಿಲ್ಲ. ಅಪ್ಪ ಹೇಳಲಿ.”

ಇವರು ಮುಗಿದ ಕೈಗಳನ್ನು ಕೆಳಗಿಳಿಸಿದರು. ಆಮೇಲೆ, “ನಿಮ್ಮವ್ವ ತೀರಿಕೊಂಡಾಳವಾ. ನಾ ಸುಳ್ಳು ಹೇಳಿದ್ದೆ” ಎಂದರು. ಸುಮಿಯ ಎದುರು ಆ ಮಾತು ಇವರ ಬಾಯಿಂದ ಮೊದಲ ಸಲ ಬಂದದ್ದು ಅಂದೇ. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ನಾವು ಬರೀ ಬಾಯಿಂದ ಹೇಳುವುದನ್ನು ಮಕ್ಕಳು ನಂಬಿಬಿಡುತ್ತಾರೆ, ಅಲ್ಲವೇ? ನಮಗೆ ಶೀಲ ಕಲಿಸುವವರು ಅವರೇ ಇರಬೇಕು.

ಈಗ ಎಲ್ಲ ಸರಿಯಾಗಿದೆ. ಸುಮಿಯ ತುಟಿಯೂ ಮಾಯುತ್ತಿದೆ. ಪುಟ್ಟುಗೆ ಮುತ್ತು, ಭಾವನಿಗೆ ಜೈಭೀಮ್. ನಿಮ್ಮೆಲ್ಲರಿಗೂ ಮಂಗಳವಾಗಲಿ, ನಿನ್ನ ಕೈ ಸದಾ ನನ್ನ ತಲೆಯ ಮೇಲಿರಲಿ.

ನಿನ್ನ
ಪಂಚಶೀಲಾ

ಮತ್ತೆ: ಒಂದು ಮಾತು ಉಳಿಯಿತು. ಗೌತಮಿಯ ಫೋಟೋ ಟ್ರಂಕಿನಿಂದ ಹೊರಗೆ ಬಂದು ಪಡಸಾಲೆಯ ಗೋಡೆಯಲ್ಲಿದೆ. ಅದು ಬೇಕಾದದ್ದೇ. ನಿನ್ನೆ ಇವರು ಶಾಲೆಯಿಂದ ಬಂದು, “ಗೌತಮಿ, ನೀರು ಕೊಡು” ಎಂದರು. ನಾನು ಓ ಎಂದು ತಂದುಕೊಟ್ಟೆ. ಇವರಿಗೆ ಗೊತ್ತೇ ಆಗಲಿಲ್ಲ. ಸುಮಿ ನನ್ನನ್ನು ನೋಡಿದಳು. ಗೌತಮಿ ತೀರಿಕೊಂಡ ಜಾಗವನ್ನು ಸುಮಿಗೆ ತೋರಿಸಲು ಇವರು ಸೋಲಾಪುರಕ್ಕೆ ಬರುತ್ತಿದ್ದಾರೆ. “ನಾವಿಬ್ಬರು ಹೋಗಿ ಬರ್ತೀವಿ, ನೀ ಮನಿ ಕಡಿ ನೋಡ್ಕೊ” ಎಂದರು. ಹೂಂ ಎಂದೆ. ನನ್ನನ್ನು ಯಾರೂ ಕರೆದಿಲ್ಲ. ಇವತ್ತು ಯಾದಗಿರಿ ಸ್ಟೇಷನ್ನಿಗೆ ಹೋಗಿ ನನ್ನದೂ ಒಂದು ಟಿಕೆಟ್ ತೆಗೆಸಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ, ರಾತ್ರಿ ಊಟಕ್ಕೆ ಕುಳಿತಾಗ ಹೇಳುತ್ತೇನೆ. ಬೇಡವೆಂದರೂ ಬರುತ್ತೇನೆ, ಅಕ್ಕಾ. ಮುಂದಿನ ಗುರುವಾರ, ಇಪ್ಪತ್ತೊಂದನೇ ತಾರೀಖು, ಉದ್ಯಾನ್ ಎಕ್ಸ್‌ಪ್ರೆಸ್.