ಸೋಮಿಯ ತಾಯಿಯ ಹೆಸರು

ದೊಡವಾಡ,
೧೯ ನವೆಂಬರ್ ೨೦೦೩, ಬುಧವಾರ

ಸೌಭಾಗ್ಯವತಿ ಶೀತಲಳಿಗೆ,

ನಾನು ರಾಚವ್ವ, ನಿನ್ನ ಅತ್ತೆ. ನನ್ನ ಗುರುತು ನಿನಗೆ ಹೇಳಬೇಕಾದ್ದಿಲ್ಲ, ಆದರೂ ಹೇಳುತ್ತೇನೆ. ಈ ಮನೆಯ ಕೀಲಿಕೈ ನನ್ನ ಟೊಂಕಕ್ಕೆ ಬಂದಾಗಿನಿಂದ ನಿನ್ನ ಮಾವನವರು ಕೂಡ ನನ್ನ ಮಾತು ದಾಟಿದವರಲ್ಲ. ಮ್ಯಾಟ್ರಿಕ್ ಮುಗಿಸಿ ಈ ಓಣಿಗೆ ಸೊಸೆಯಾಗಿ ಬಂದ ಮೊದಲನೆಯವಳು ನಾನೇ. ಅಂಥವಳು ತನ್ನ ಸೊಸೆಗೆ ಹೀಗೊಂದು ಪತ್ರ ಬರೆಯಬೇಕಾಗಿದೆ ಎಂಬುದನ್ನು ನೆನಪಿಟ್ಟುಕೊಂಡು ಓದು.

ಮೊದಲು ನಿನ್ನ ಆರೋಗ್ಯ ಹೇಳು. ಹಾಲು ಸಾಕಷ್ಟು ಬರುತ್ತಿದೆಯೇ? ಕೂಸು ನಿದ್ದೆ ಮಾಡಗೊಡುತ್ತದೆಯೇ? ರಾಮದುರ್ಗದಲ್ಲಿ ಈಗ ಚಳಿ ಬಿದ್ದಿರಬೇಕು, ಕಿವಿಗೆ ಅರಳೆ ಇಡದೆ ಅಂಗಳಕ್ಕೆ ಬರಬೇಡ. ನಿನ್ನ ಗಂಡ ಕಲ್ಮೇಶನ ಕೈಯಲ್ಲಿ ಕಳಿಸಿದ ಅಂಟಿನುಂಡಿ ಬಾಣಂತಿಗೆ, ನಿನ್ನ ತಮ್ಮಂದಿರಿಗಲ್ಲ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ತವರಿನವರೆಲ್ಲ ಕಿವಿಗೊಟ್ಟು ಕೂತಿರುವಾಗ ಆಡುವ ಮಾತಲ್ಲ ಇದು.

ಸೋಮಿ ಈಗ ಉಣ್ಣುತ್ತಾಳೆ. ನೀನು ಹೆರಿಗೆಗೆ ಹೋದ ಮೇಲೆ ಅವಳು ನನ್ನ ಕೈಯಲ್ಲಿ ಒಂದು ತುತ್ತೂ ತೆಗೆದುಕೊಳ್ಳಲಿಲ್ಲ. ಬಾಯಿಗಿಟ್ಟರೆ ಉಗುಳುವಳು, ಗದರಿಸಿದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವಳು. ಆರು ವರ್ಷದವಳಾದರೂ ಮಾತು ಬಾರದ ಈ ಹುಡುಗಿಯನ್ನು ನೀನು ಒಬ್ಬಳೇ, ಹೊಟ್ಟೆಯಲ್ಲಿ ಇನ್ನೊಂದನ್ನು ಹೊತ್ತುಕೊಂಡು, ಹೇಗೆ ಸಂಭಾಳಿಸಿದೆಯೋ! ಬೈಲಹೊಂಗಲದಲ್ಲಿ ಇಂಥ ಮಕ್ಕಳಿಗೂ ಅವರ ತಾಯಂದಿರಿಗೂ ಕಲಿಸುವ ಕೇಂದ್ರ ತೆರೆದಿದೆ, ಗುರುವಾರಕ್ಕೊಮ್ಮೆ ಹೋಗಿ ಬರುತ್ತೇನೆ ಎಂದು ನೀನು ಕೇಳಿದ್ದೆ. 'ನಮ್ಮ ಮನಿತನದ ಕೂಸು ಮಂದಿ ಮುಂದ ಹೋಗಿ ಕುಂಡ್ರೂದಿಲ್ಲ' ಎಂದು ನಾನು ನಿನ್ನ ಬಾಯಿ ಮುಚ್ಚಿಸಿದೆ. ಅನ್ನಪೂರ್ಣಾಳಿಗೆ ಯರಗಟ್ಟಿಯಿಂದ ಸಂಬಂಧ ಬರುವುದಿತ್ತಲ್ಲ, ಮಗಳ ಮದುವೆಗೆ ಮೊಮ್ಮಗಳು ಅಡ್ಡಿಯಾದಾಳೆಂಬ ಅಂಜಿಕೆ ನನಗೆ.

ಕಡೆಗೆ ನಾನೇ ಹೋದೆ. ಹೋದ ರೀತಿ ಕೇಳು. ನಮ್ಮ ಹೊಲದಲ್ಲಿ ದುಡಿಯುವ ಲಗಮವ್ವನ ಕಂಕುಳಿಗೆ ಸೋಮಿಯನ್ನು ಕೊಟ್ಟು, 'ಇದು ಈಕಿ ಮಗಳ್ರಿ' ಎಂದೆ. ಕೇಂದ್ರದಲ್ಲಿ ಕಲಿಸುವ ಅಕ್ಕೋರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು, ಲಗಮವ್ವನನ್ನು ಉಳಿದ ತಾಯಂದಿರೊಂದಿಗೆ ಚಾಪೆಯ ಮೇಲೆ. 'ಕೆಲಸದಾಕಿ ಕೂಸಿಗೆ ಇಷ್ಟ ಮಾಡ್ತೀರಲ್ರಿ ಅವ್ವಾರ, ನಿಮಗ ಪುಣ್ಯಾ ಬರ್ತೈತಿ' ಎಂದಳು ಒಬ್ಬ ತಾಯಿ, ಕೆಂಪವ್ವ ಅಂತ. ನಾನು ಸುಮ್ಮನೆ ಹೊಗಳಿಸಿಕೊಂಡೆ. ಆದರೆ ಅಕ್ಕೋರು ಲಗಮವ್ವನ ಕಡೆ ತಿರುಗಿ, 'ಆರು ವರ್ಷ ಮನ್ಯಾಗ ಇಟಗೊಂಡು ಕುಂತೀಯಲ್ಲ, ಮೊದಲ ತರಬಾರದಿತ್ತೇನವ್ವಾ?' ಎಂದು ಸಿಟ್ಟಾದರು. ತಿರುಗಿ ಬರುವಾಗ ಬಸ್ಸಿನಲ್ಲಿ ಲಗಮವ್ವ, 'ಸುಳ್ಳ ನಿಮ್ದು, ಬೈಗಳ ನನಗ. ಚಲೋ ಪಾಲ ಮಾಡೀರಿ ಬಿಡ್ರಿ' ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಂದು ಅಕ್ಕೋರು ಉಣಿಸುವ ರೀತಿ ತೋರಿಸಿಕೊಟ್ಟಿದ್ದರು: ಕೂಸಿನ ಎದುರಿಗಲ್ಲ, ಹಿಂದೆ ಕೂತು, ಚಮಚ ಹಿಡಿದ ಅವಳ ಕೈಗೆ ನಮ್ಮ ಕೈಯ ಆಸರೆ ಕೊಡಬೇಕಂತೆ. ಹಾಗೆ ಮಾಡಿದ ಮೇಲೆಯೇ ಸೋಮಿ ಉಣ್ಣತೊಡಗಿದ್ದು. ನೀನು ಕೇಳಿದಾಗಲೇ ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ತಾನೇ ಉಣ್ಣುತ್ತಿದ್ದಳೇನೋ.

ಕಳೆದ ವಾರ ಅಕ್ಕೋರು, ಮನೆಯಲ್ಲಿ ತಾಯಿ ಹೇಗೆ ಉಣಿಸುತ್ತಾಳೆ ನೋಡುತ್ತೇನೆಂದು ಊರಿಗೇ ಬಂದರು. ಅವರು ಬರುವ ಮೊದಲೇ ನಾನು ಸೋಮಿಗೆ ಹಳೆಯ ಫ್ರಾಕು ತೊಡಿಸಿ ಲಗಮವ್ವನ ಮನೆಗೆ ಒಯ್ದು ಕೂರಿಸಿದೆ. 'ಸೋಮವ್ವಾ, ನಿಮ್ಮವ್ವ ಎಲ್ಲಿ ಅದಾಳ?' ಎಂದು ಅಕ್ಕೋರು ಕೇಳಿದರು. ಕೂಸು ಲಗಮವ್ವನ ಕಡೆ ನೋಡಲೇ ಇಲ್ಲ. ಎದ್ದು ಹೊಸ್ತಿಲಿಗೆ ಹೋಗಿ, ಓಣಿಯ ಆ ಕಡೆ ಈ ಕಡೆ ನೋಡಿ, 'ಅವ್ವಾ' ಎಂದಿತು. ಶೀತಲ, ಅದರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅಂದೇ. ಅದು ನಿನ್ನನ್ನು ಹುಡುಕುತ್ತಿತ್ತು. ಅಕ್ಕೋರು ನನ್ನ ಮುಖ ನೋಡಿ, 'ಕೂಸಿನ ತಾಯಿ ಲಗಮವ್ವನ ಹೌದಲ್ರಿ?' ಎಂದರು. ನಾನು, 'ಹೌದ್ರಿ' ಎಂದೆ.

ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನೀನು ಇದನ್ನು ನನ್ನ ಅಕ್ಷರದಲ್ಲೇ ಓದಬೇಕೆಂದು ಬರೆದೆ. ತಪ್ಪಾಯಿತು ಎನ್ನುವ ರೂಢಿ ನನ್ನ ನಾಲಿಗೆಗಿಲ್ಲ, ನಿನಗೆ ಗೊತ್ತು. ಬೀಗರಿಗೆ ಶರಣು ತಿಳಿಸು. ಮೊಮ್ಮಗನ ಹಣೆಗೆ ನನ್ನ ಪರವಾಗಿ ವಿಭೂತಿ ಹಚ್ಚು.

ನಿನ್ನ ಅತ್ತೆ,
ರಾಚವ್ವ

ತಾ.ಕ.: ಗುರುವಾರ ಸಂಜೆ. ಪತ್ರ ಡಬ್ಬಿಗೆ ಹಾಕಿರಲಿಲ್ಲ. ಇವತ್ತು ಸೋಮಿಯನ್ನು ನಾನೇ ಎತ್ತಿಕೊಂಡು ಬೈಲಹೊಂಗಲಕ್ಕೆ ಹೋದೆ. 'ಇದು ನನ್ನ ಮಮ್ಮಗಳ್ರಿ. ಇಷ್ಟ ದಿನಾ ಸುಳ್ಳ ಹೇಳೇನಿ. ಲಗಮವ್ವಗ ಬೈದದ್ದ ನನಗ ಬೈರಿ' ಎಂದು ಎಲ್ಲರೆದುರಿಗೆ ಹೇಳಿದೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. 'ಹಂಗಾರ ಕುರ್ಚಿ ಬಿಟ್ಟ ಕೆಳಗ ಬರ್ರಿ ಅವ್ವಾರ' ಎಂದು ಕೆಂಪವ್ವ ಸರಿದು ಜಾಗ ಮಾಡಿದಳು. ಕೂತೆ. ಯರಗಟ್ಟಿಯವರಿಗೂ ಹೇಳಿ ಕಳಿಸಿದ್ದೇನೆ, ಬರುವವರು ಬರಲಿ. ಅಕ್ಕೋರು ತಾಯಿಯ ಹೆಸರು ಮತ್ತೆ ಕೇಳಿದರು. ನಿನ್ನ ಹೆಸರನ್ನು, ನಮ್ಮ ಮನೆತನದ ಅಡ್ಡಹೆಸರು ಕೂಡಿಸಿ, ಗಟ್ಟಿಯಾಗಿ ಹೇಳಿ ಬಂದಿದ್ದೇನೆ.