ಹಳೇ ತಪ್ಪು ಹಾಗೇ ಇತ್ತು

ಭಾನುವಾರ, ೧೬ ನವೆಂಬರ್ ೨೦೨೫. ಹಿರಿಯೂರು.

ಬೆಳಿಗ್ಗೆಯಿಂದ ಮಗ ರಂಗೇಶನ ಮಾತು ಚುಚ್ಚುತ್ತಿತ್ತು. ಮೊಮ್ಮಗಳು ಮೌನಿಕಾ ತಂದ ವಿಡಿಯೋ ಗೇಮ್, ಅವನ ಬಾಲ್ಯದಲ್ಲಿ ನಾನು ಗೆದ್ದಿದ್ದ ಕೋಟೆ ಆಟವೇ. ಬಣ್ಣ ಮಾತ್ರ ಹೊಸದು.

"ಇದು ರೀಮೇಕ್ ಕಣವ್ವ, ಪೂರ್ತಿ ಹೊಸದಾಗಿ ಮಾಡ್ಯಾರೆ. ನಿನ್ನ ಹಳೇ ಗೆಲುವು ಇದ್ರಾಗೆ ನಡೆಯಲ್ಲ."

ಸಂಜೆ ನಾನೇ ಆಡಲು ಕುಳಿತೆ. ಹಳೆಯ ಆಟದಲ್ಲಿ ಮಾಡಿದವರದೇ ಒಂದು ತಪ್ಪಿತ್ತು. ಕೊನೆಯ ಬಾಗಿಲ ಎಡಮೂಲೆಯಲ್ಲಿ ನಿಂತರೆ ರಾಕ್ಷಸನ ಏಟು ತಾಗುತ್ತಿರಲಿಲ್ಲ. ಅಲ್ಲೇ ನಿಂತೆ. ಈಗಲೂ ತಾಗಲಿಲ್ಲ. ರಾಕ್ಷಸ ಬಿದ್ದ!

"ಏನಪ್ಪ, ಹೊಸದಾಗಿ ನೇಯ್ದಿದ್ರೆ ತಪ್ಪಿದ ಎಳೆ ಉಳೀತಿತ್ತಾ? ಇದು ಒಗೆದ ಹಳೇ ಕಂಬಳಿ ಕಣ್ಲೇ."

"ಹಂಗಾದ್ರೆ ಇದು ರೀಮಾಸ್ಟರೇ, ಹಳೇ ಆಟಕ್ಕೇ ಹೊಸ ಬಣ್ಣ! ಅಜ್ಜಿ ಗೆದ್ಲು!" ಮೌನಿಕಾ ಕುಣಿದಳು.

ರಂಗೇಶ ಇನ್ನೊಂದು ಆಟಕ್ಕೆ ಕರೆದ. ಮೊದಲು "ಸೋತೆ" ಅನ್ನು ಎಂದೆ. ಅಂದ.

ಆಡಿ ಆಡಿ ಹೆಬ್ಬೆರಳು ನೋಯುತ್ತಿದೆ, ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ, ಆದರೂ ಸೋತೆ ಅಂದಾಗಿನ ಅವನ ಮುಖ ನೆನೆದರೆ ನಗು ಬರುತ್ತಿದೆ.